ಅಂಟಕ್ಕ ಉಂಡೆಗಳಿಗೆ ಕೈ ಕೊಟ್ಟದ್ದು

ಅವಳಿಗೆ ಅಂಟಕ್ಕ ಅನ್ನುವ ಹೆಸರು ಬಂದದ್ದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ. ಆಗಷ್ಟೇ ಕಲಸಿದ, ಬಿಸಿಯಿಲ್ಲದೆಯೂ ಗಟ್ಟಿಯಾಗುವ ರೆಸಿನ್ ಅಂಟನ್ನು ಒಂದು ಪುಟ್ಟ ಬಟ್ಟಲಿಗೆ ಹಾಕಿಕೊಂಡು ವಿಭಾಗದ ಮುಖ್ಯಸ್ಥರಿಗೆ ತೋರಿಸಲು ಹೋಗಿದ್ದಳು. ಅವರು ಫೋನಿನಲ್ಲಿ ಮಾತಾಡುತ್ತಿದ್ದರು. ಬಟ್ಟಲನ್ನು ಮೇಜಿನ ಅಂಚಿಗಿಟ್ಟು ಕಾಯುತ್ತ ನಿಂತಳು. ಮಾತಿನ ಭರದಲ್ಲಿ ಮುಖ್ಯಸ್ಥರ ಮೊಣಕೈ ಬಟ್ಟಲಿಗೆ ತಗುಲಿತು. ರೆಸಿನ್ ಮೆಲ್ಲಗೆ ಮೇಜಿನ ಮೇಲೆ ಹರಡಿ ಕೋಟಿನ ತೋಳಿನ ಕೆಳಗೆ ನುಸುಳಿತು. ಅವಳು ಅದನ್ನು ನೋಡಿದಳು. ಆದರೆ ಹೊಸಬಳು, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕುವುದು ಹೇಗೆಂದು ಸುಮ್ಮನಾದಳು. ಫೋನಿನ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ರೆಸಿನ್ ತನ್ನ ಪಾಡಿಗೆ ತಾನು ಗಟ್ಟಿಯಾಯಿತು. ಕೊನೆಗೆ ಮುಖ್ಯಸ್ಥರು ಸಭೆಗೆ ಹೊರಡಲು ಎದ್ದರು, ಕೋಟು ಏಳಲಿಲ್ಲ. ಅವರು ಹಾವು ಪೊರೆ ಬಿಡುವ ಹಾಗೆ ಅದರೊಳಗಿಂದ ಬಿಡಿಸಿಕೊಂಡು ಬರೀ ಅಂಗಿಯಲ್ಲೇ ಸಭೆಗೆ ಹೋದರು. ಕೋಟು ಸಂಜೆಯವರೆಗೂ ಒಂದು ಕೈ ಚಾಚಿಕೊಂಡು, ಅಹವಾಲು ಹೇಳಲು ಬಂದು ಅಲ್ಲೇ ನಿದ್ದೆ ಹೋದವರ ಹಾಗೆ ಮೇಜಿನ ಮೇಲೆ ಬಿದ್ದಿತ್ತು.

ಅವಳು ಕೆಲಸ ಹೋಯಿತೆಂದೇ ತಿಳಿದಿದ್ದಳು. ಮುಖ್ಯಸ್ಥರು ಒಳ್ಳೆಯವರು. ಮರಳಿ ಬಂದು ಕೋಟನ್ನು ಒಮ್ಮೆ ಜಗ್ಗಿ ನೋಡಿ, "ಅಂಟೋದೇನೋ ಚೆನ್ನಾಗಿ ಅಂಟುತ್ತೆ" ಅಂದರು, ಅಷ್ಟೇ. ಮಾರನೆಯ ದಿನದಿಂದ ಬಾಗಿಲು ಕಾಯುವವನಿಂದ ಹಿಡಿದು ಎಲ್ಲರ ಬಾಯಲ್ಲೂ ಅವಳು ಅಂಟಕ್ಕ.

ಹುಟ್ಟುಗುಣ ಅನ್ನುವುದಾದರೆ ಅನ್ನಬಹುದು. ಅವಳ ತಾಯಿ ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವ ಹೆಂಗಸು, ಅವಳು ಬಿದ್ದದ್ದನ್ನೆಲ್ಲ ಅಂಟಿಸುವ ಹುಡುಗಿ. ಆ ಮನೆಯ ಲೋಟಗಳಿಗೆ ಒಂದೊಂದಕ್ಕೂ ಒಂದು ಹೊಲಿಗೆ ಹಾಕಿದಂಥ ಗೆರೆ ಇರುತ್ತಿತ್ತು. ಒಮ್ಮೆ ಅಕ್ಕನ ಚಪ್ಪಲಿಯ ಪಟ್ಟಿ ಕಿತ್ತಾಗ ಅದು ಅಕ್ಕನ ಕಾಲಲ್ಲಿದ್ದಂತೆಯೇ ಇವಳು ಅಂಟಿಸಿಕೊಟ್ಟಳು. ಚಪ್ಪಲಿ ಸರಿಯಾಯಿತು, ಕಾಲು ಮಾತ್ರ ಈಚೆ ಬರಲಿಲ್ಲ. ಅಕ್ಕ ಒಂದೇ ಚಪ್ಪಲಿಯಲ್ಲಿ ಊಟಕ್ಕೆ ಕೂತದ್ದನ್ನು ಆ ಮನೆಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ, ಅಕ್ಕ ಒಬ್ಬಳನ್ನು ಬಿಟ್ಟು. ಮುಂದೆ ಅಂಟಕ್ಕ ಓದಿದ್ದೂ ಅಂಟಿಸುವುದನ್ನೇ, ದೊಡ್ಡ ದೊಡ್ಡ ಹೆಸರುಗಳ ಜೊತೆಗೆ. ಮದುವೆಯಾದದ್ದು ಕಾರು ಓಡಿಸಲು ಕಲಿಸುವ ಒಬ್ಬ ಮಾಸ್ತರನನ್ನು. ಎಂಥ ಬಸ್ಸು ಎದುರಿಗೆ ಬಂದರೂ "ಇರಲಿ, ಇರಲಿ" ಅನ್ನುವ ಆಸಾಮಿ ಅವನು. ಅಡುಗೆಮನೆಯ ಬಟ್ಟಲುಗಳಲ್ಲಿ ಯಾವುದು ತಿನ್ನುವುದು, ಯಾವುದು ಹೆಂಡತಿಯದು ಅನ್ನುವುದೊಂದೇ ಅವನ ಹೆದರಿಕೆ.

ಅಂಟಕ್ಕನ ಕೆಲಸ ಏನೆಂದು ಕೇಳಿದರೆ ಅವಳು ಎರಡು ಬಿಲ್ಲೆ ತೋರಿಸುತ್ತಿದ್ದಳು. ರೆಸಿನ್ ಅಂದರೆ ಜೇನಿನಂಥ ದ್ರವ, ಬಿಸಿ ಮಾಡಿದರೆ ಕಲ್ಲಾಗುತ್ತದೆ. ಗಟ್ಟಿಯೇನೋ ಹೌದು, ಆದರೆ ಬರೀ ಜಂಬದ ಗಟ್ಟಿತನ. ಒಂದು ಪೆಟ್ಟು ಬಿತ್ತೋ, ಬಿರುಕು ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಓಡಿಬಿಡುತ್ತದೆ. ಅದನ್ನು ತಡೆಯಲು ಒಳಗೆಲ್ಲ ಮೆತ್ತನೆಯ ಉಂಡೆಗಳಿರಬೇಕು, ಬಿರುಕು ಅವಕ್ಕೆ ತಾಗಿ ಸುಸ್ತಾಗಿ ನಿಲ್ಲಬೇಕು. ಆ ಉಂಡೆಗಳು ಎಷ್ಟು ಚಿಕ್ಕವೆಂದರೆ ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಸಾಲಾಗಿ ನಿಲ್ಲಬೇಕು. ಅಷ್ಟು ಚಿಕ್ಕದನ್ನು ಯಾವ ಕೈ ತಾನೇ ಉರುಳಿಸೀತು? ಅದಕ್ಕೇ ಅವಳು ಪಾಲಿಮರ್ ಅನ್ನುವ, ಸರಪಳಿಯಂಥ ಒಂದು ಉದ್ದನೆಯ ಅಣುವನ್ನು ಹಿಡಿದಿದ್ದಳು. ಅದರ ಅರ್ಧಕ್ಕೆ ರೆಸಿನ್ ಕಂಡರೆ ಪ್ರೀತಿ, ಇನ್ನರ್ಧಕ್ಕೆ ಕಂಡರಾಗದು. ರೆಸಿನ್ನಿನಲ್ಲಿ ಕಲಸಿದ್ದೇ ತಡ, ಕಂಡರಾಗದ ಅರ್ಧಗಳೆಲ್ಲ ರೆಸಿನ್ನಿಗೆ ಬೆನ್ನು ಹಾಕಿ ಒಂದೆಡೆ ಮುದುಡಿಕೊಳ್ಳುತ್ತವೆ, ಪ್ರೀತಿಯ ಅರ್ಧಗಳು ಅವುಗಳ ಸುತ್ತ ನಿಲ್ಲುತ್ತವೆ. ಯಾರೂ ಹೇಳಿಕೊಡಬೇಕಿಲ್ಲ, ಯಾರೂ ಜೋಡಿಸಬೇಕಿಲ್ಲ. ತಾವಾಗಿಯೇ ಉಂಡೆ ಕಟ್ಟುತ್ತವೆ. ಅಂಟಕ್ಕನಿಗೆ ಇದರಷ್ಟು ಚೆಂದದ್ದು ಲೋಕದಲ್ಲಿ ಇನ್ನೊಂದಿರಲಿಲ್ಲ.

ತೊಂದರೆ ಬರುತ್ತಿದ್ದದ್ದು ದ್ರವ ಗಟ್ಟಿಯಾಗುವಾಗ. ಒಲೆಯಲ್ಲಿಟ್ಟ ರೆಸಿನ್ ನಿಧಾನವಾಗಿ ಬಿಗಿಯಾಗುತ್ತ ಹೋದಂತೆ ಅದಕ್ಕೆ ಪರಕೀಯರು ಯಾರೂ ಬೇಡವಾಗುತ್ತಿದ್ದರು. ಪ್ರೀತಿಯ ಅರ್ಧವನ್ನೂ ಹೊರಗೆ ತಳ್ಳುತ್ತಿತ್ತು. ನೆಲೆ ತಪ್ಪಿದ ಉಂಡೆಗಳು ಒಂದಕ್ಕೊಂದು ಅಂಟಿ ದೊಡ್ಡ ಮುದ್ದೆಗಳಾಗುತ್ತಿದ್ದವು. ಉಂಡೆಗಳು ಚಿಕ್ಕವಾಗಿದ್ದರೆ ಬೆಳಕು ಅವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾಟಿ ಹೋಗುತ್ತದೆ, ಬಿಲ್ಲೆ ಗಾಜಿನಂತೆ ತಿಳಿಯಾಗಿರುತ್ತದೆ. ಮುದ್ದೆಗಳಾದರೆ ಬೆಳಕು ಎಡವುತ್ತದೆ, ಬಿಲ್ಲೆ ಹಾಲಿನಂತೆ ಬೆಳ್ಳಗಾಗುತ್ತದೆ. ಅವಳು ತೋರಿಸುತ್ತಿದ್ದ ಎರಡು ಬಿಲ್ಲೆಗಳು ಇವೇ. ತಿಳಿಯಾದದ್ದು ಬರೀ ರೆಸಿನ್, ಉಂಡೆಗಳೇ ಇಲ್ಲದ್ದು. ಬೆಳ್ಳಗಿನದು ಅವಳ ಪ್ರಯತ್ನ. ವರ್ಷಗಟ್ಟಲೆ ಒಲೆಯ ಬಾಗಿಲು ತೆಗೆದಾಗಲೆಲ್ಲ ಅವಳಿಗೆ ಕಂಡದ್ದು ಬಿಳಿಯೇ. ಕಾಗದ ಹಾರದಂತೆ ಭಾರ ಇಡಲು ಇಡೀ ಕಟ್ಟಡದಲ್ಲಿ ಯಾರೂ ಬೇರೇನೂ ಕೊಳ್ಳಬೇಕಾಗಿರಲಿಲ್ಲ.

ಅವಳು ಹಲ್ಲು ಕಚ್ಚಿಕೊಂಡು ದುಡಿದಳು. ಈ ಮಾತು ಅಕ್ಷರಶಃ ನಿಜವೆಂದು ಗೊತ್ತಾದದ್ದು ದವಡೆಯ ಹಲ್ಲೊಂದರ ಚೂರು ಬೆಳಗಿನ ತಿಂಡಿಯ ಜೊತೆ ಬಾಯಿಗೆ ಸಿಕ್ಕಾಗ.

ಅಕ್ಕನ ಗಂಡ ಹಲ್ಲಿನ ಡಾಕ್ಟರು. ಕೆಳಗೆ ಅವರ ಕ್ಲಿನಿಕ್ಕು, ಮೇಲೆ ಮನೆ. ಭಾವನಿಗೆ ಒಂದು ಕೆಟ್ಟ ಅಭ್ಯಾಸ. ಎದುರಿಗಿರುವವರು ಬಾಯಿ ಮುಚ್ಚಿಕೊಂಡಿರುವವರೆಗೆ ತಾವೂ ಸುಮ್ಮನಿರುತ್ತಾರೆ. ಅವರ ಬಾಯಿಗೆ ಹತ್ತಿ ತುರುಕಿ, ಕನ್ನಡಿ ಇಟ್ಟು, ಕೊಳವೆ ಸಿಕ್ಕಿಸಿದ ಮೇಲೆ ಕ್ಷೇಮಸಮಾಚಾರ ಶುರು ಮಾಡುತ್ತಾರೆ.

"ಏನಮ್ಮ, ಕಲ್ಲು ಕಡೀತೀಯಾ ಹೇಗೆ? ಮನೇವ್ರು ಹೇಗಿದ್ದಾರೆ? ಕಾರು ಕಲಿಯೋಕೆ ಜನ ಬರ್ತಿದ್ದಾರಾ?"

"ಹಾಂ" ಅಂದಳು ಅಂಟಕ್ಕ. ಮೂರಕ್ಕೂ ಅದೇ ಉತ್ತರ.

ಭಾವ ಹಲ್ಲಿನ ಗುಳಿಗೆ ಮೆತ್ತನೆಯದೇನನ್ನೋ ತುಂಬಿ ತಿದ್ದಿ, ಪೆನ್ನಿನಂಥ ದೀಪವೊಂದನ್ನು ಬಾಯೊಳಗೆ ಹಿಡಿದರು. ನೀಲಿ ಬೆಳಕು ಹೊತ್ತಿತು, ಕುಂಯ್ ಎಂದು ಸದ್ದು ಮಾಡಿ ಆರಿತು. ಭಾವ ಕೊಕ್ಕೆಯಿಂದ ಕುಟ್ಟಿ ನೋಡಿದರು. ಟಕ್ ಟಕ್ ಅಂದಿತು, ಕಲ್ಲಿನ ಹಾಗೆ.

ಅಂಟಕ್ಕ ಕುರ್ಚಿಯಲ್ಲಿ ನೆಟ್ಟಗಾದಳು. ಹಲ್ಲಿಗೆ ತುಂಬುವುದೂ ರೆಸಿನ್ ಜಾತಿಯದೇ ಎಂದು ಅವಳಿಗೆ ಗೊತ್ತಿತ್ತು. ಬೆಳಕಿಗೆ ಗಟ್ಟಿಯಾಗುವುದನ್ನೂ ಓದಿದ್ದಳು. ಆದರೆ ಪುಸ್ತಕದಲ್ಲಿ ಓದುವುದು ಬೇರೆ, ಸ್ವಂತ ದವಡೆಯಲ್ಲಿ ಆಗುವುದು ಬೇರೆ. ಒಲೆಯಲ್ಲಿ ಅರ್ಧ ದಿನ ಬೇಯುವ ರೆಸಿನ್ ಉಂಡೆಗಳನ್ನು ಹೊರಗೆ ತಳ್ಳಲು ಬೇಕಾದಷ್ಟು ಪುರುಸೊತ್ತು ಪಡೆಯುತ್ತದೆ. ಹೀಗೆ ಉಸಿರೆಳೆಯುವುದರೊಳಗೆ ಗಟ್ಟಿಯಾದರೆ ತಳ್ಳುವುದೆಲ್ಲಿಂದ ಬಂತು? ಉಂಡೆಗಳು ಇದ್ದಲ್ಲೇ ಸಿಕ್ಕಿಬೀಳುತ್ತವೆ.

"ಆ ಈಅ ಅನಗೆ ಓಡಿ" ಅಂದಳು. ಆ ದೀಪ ನನಗೆ ಕೊಡಿ ಎಂದು.

"ನೋವಾಗ್ತಿದ್ಯಾ?" ಎಂದರು ಭಾವ.

ಅವಳು ಇಲ್ಲವೆಂದು ಜೋರಾಗಿ ತಲೆಯಾಡಿಸಿ ದೀಪ ಹಿಡಿದ ಅವರ ಕೈಯನ್ನೇ ಹಿಡಿದಳು. ಕೈ ಹಿಡಿಯುವಷ್ಟು ನೋವೆಂದು ತಿಳಿದ ಭಾವ ಇನ್ನೊಂದು ಸೂಜಿ ಚುಚ್ಚಿದರು.

ಹಾಗಾಗಿ ಅವಳು ಅವತ್ತು ಮುಖ್ಯಸ್ಥರ ಮುಂದೆ ನಿಂತಾಗ ಅರ್ಧ ಮುಖ ಅವಳದಾಗಿರಲಿಲ್ಲ. ಒಲೆ ಬಿಟ್ಟು ಬೆಳಕು ಹಿಡಿಯುವುದೇಕೆಂದು ಅವಳು ಹುರುಪಿನಿಂದ ವಿವರಿಸಿದಳು. ಪ, ಬ, ಮ ಯಾವುದೂ ತುಟಿಯಿಂದ ಹೊರಡಲಿಲ್ಲ. ಮುಖ್ಯಸ್ಥರಿಗೆ ಒಂದಕ್ಷರ ತಿಳಿಯಲಿಲ್ಲ, ಎರಡನೇ ಸಲ ಹೇಳಿಸಲು ಸಂಕೋಚ. "ಮಾಡಿ, ಮಾಡಿ, ಖಂಡಿತ ಮಾಡಿ" ಅಂದರು. ಅವಳ ಉಪಾಯಗಳಲ್ಲಿ ಅಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದು ಇದೊಂದಕ್ಕೇ.

ಭಾವ ತಮ್ಮ ಹಳೆಯ ದೀಪವನ್ನೇ ಕೊಟ್ಟರು. ಬೆಳಕು ಕಂಡರೆ ಗಟ್ಟಿಯಾಗುವಂಥ ರೆಸಿನ್ ತಂದು, ಅದರಲ್ಲಿ ಪಾಲಿಮರ್ ಕಲಸಿ, ಅಚ್ಚಿಗೆ ಹೊಯ್ದು ದೀಪ ಹಿಡಿದಳು. ಅಚ್ಚಿನಿಂದ ಬಿಲ್ಲೆ ತೆಗೆದವಳು ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಎದುರಿನ ಕಟ್ಟಡದ ಇಟ್ಟಿಗೆಗಳನ್ನು ಎಣಿಸಬಹುದಿತ್ತು. ಅಷ್ಟು ತಿಳಿ. ಮತ್ತೊಂದು ಮಾಡಿದಳು, ಅದೂ ತಿಳಿ. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂಲೆಯ ಅಂಗಡಿಯಿಂದ ಸಿಹಿಯ ಪೆಟ್ಟಿಗೆ ತರಿಸಿ ಎಲ್ಲ ಮಹಡಿಗಳಿಗೂ ಹಂಚಿದಳು. ಮುಖ್ಯಸ್ಥರು ಎರಡು ತಿಂದು ಮೇಲಿನವರಿಗೆ ಫೋನು ಮಾಡಿದರು. ಅಕ್ಕ, "ನಮ್ಮೆಜಮಾನ್ರ ದೀಪದಿಂದಲೇ ಅಂತೆ" ಎಂದು ಬೀದಿಗೆಲ್ಲ ಸುದ್ದಿ ಮಾಡಿದಳು.

ಸಿಹಿ ಸಿಗದೆ ಉಳಿದವಳು ಒಬ್ಬಳೇ, ನೆಲಮಾಳಿಗೆಯ ಚೂರಿಯಮ್ಮ. ದೊಡ್ಡ ಮೈಕ್ರೋಸ್ಕೋಪು ಅವಳ ಸುಪರ್ದಿಯಲ್ಲಿತ್ತು. ಒಳಗೇನಿದೆ ಎಂದು ನೋಡಬೇಕಾದರೆ ಮೊದಲು ಅವಳು ಬಿಲ್ಲೆಯನ್ನು ವಜ್ರದ ಅಲಗಿನಿಂದ ಹೆರೆಯಬೇಕು. ಕಣ್ಣಿಗೆ ಕಾಣುವುದೋ ಇಲ್ಲವೋ ಅನ್ನುವಷ್ಟು ತೆಳ್ಳನೆಯ ಹೆರಕಲುಗಳು ನೀರಿನ ಮೇಲೆ ತೇಲುತ್ತವೆ. ಅವನ್ನು ಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ಕಣ್ಣರೆಪ್ಪೆಯ ಕೂದಲಿನಿಂದ ನೂಕಿ ಜರಡಿಯಂಥ ಪುಟ್ಟ ಬಿಲ್ಲೆಗೆ ಏರಿಸಬೇಕು. ಅದಕ್ಕಿಂತ ನಯವಾದ ಸಾಧನ ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಚೂರಿಯಮ್ಮ ಹೊಸಬರ ಕಣ್ಣುಗಳನ್ನು ತುಸು ಹೆಚ್ಚೇ ಹೊತ್ತು ದಿಟ್ಟಿಸುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಂಟಕ್ಕನೂ ಅವಳೂ ಹಳೆಯ ಗೆಳತಿಯರು. ಅಂಟಕ್ಕ ತಿಳಿ ಬಿಲ್ಲೆಯನ್ನು ಅವಳಿಗೆ ಕೊಟ್ಟು ಪರದೆಯ ಮುಂದೆ ಕೂತು ಕಾದಳು. ಬೂದು ಬಣ್ಣ ಬಂತು. ಚೂರಿಯಮ್ಮ ಆ ಕಡೆ ಸರಿಸಿದಳು, ಬೂದು. ಈ ಕಡೆ ಸರಿಸಿದಳು, ಬೂದು.

"ಖಾಲಿ ಕಣೇ" ಅಂದಳು.

"ಸರಿಯಾಗಿ ನೋಡು."

"ಸರಿಯಾಗೇ ನೋಡ್ತಿದ್ದೀನಿ. ಉಂಡೆ ಇಲ್ಲ, ಮುದ್ದೆ ಇಲ್ಲ, ಏನಂದ್ರೆ ಏನೂ ಇಲ್ಲ. ನೀನು ಹಾಕೋದೇ ಮರೆತ್ಯೋ ಏನೋ."

ಹಾಕಲು ಮರೆತಿರಲಿಲ್ಲ. ಅಲ್ಲೇ ಕೂತು ಅಂಟಕ್ಕ ತಲೆಯ ಮೇಲೆ ಕೈ ಹೊತ್ತು ಯೋಚಿಸಿದಾಗ ಗುಟ್ಟು ಬಿಚ್ಚಿಕೊಂಡಿತು. ಒಮ್ಮೆಲೇ ಗಟ್ಟಿಯಾಗುವ ರೆಸಿನ್ ಒಮ್ಮೆಲೇ ಕಾಯುತ್ತದೆ. ಅಚ್ಚು ಕೈಗೆ ಬಿಸಿ ತಾಗಿದ್ದು ಅವಳಿಗೆ ನೆನಪಾಯಿತು. ಆ ಬಿಸಿಯಲ್ಲಿ ಪಾಲಿಮರಿನ ಕಂಡರಾಗದ ಅರ್ಧವೂ ಸಿಟ್ಟು ಮರೆತು ರೆಸಿನ್ನಿನೊಡನೆ ಬೆರೆತುಬಿಟ್ಟಿತ್ತು, ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ. ಕರಗಿದ್ದಂತೆಯೇ ಹೆಪ್ಪುಗಟ್ಟಿತ್ತು. ಬಿಲ್ಲೆ ತಿಳಿಯಾಗಿದ್ದದ್ದು ಉಂಡೆಗಳು ಚಿಕ್ಕವಾಗಿದ್ದುದರಿಂದಲ್ಲ, ಉಂಡೆಗಳೇ ಇಲ್ಲದ್ದರಿಂದ.

ಹಂಚಿದ ಸಿಹಿಯನ್ನು ವಾಪಸ್ ಕೇಳುವಂತಿಲ್ಲ. ಸುದ್ದಿಯನ್ನಾದರೂ ವಾಪಸ್ ತರಬೇಕಿತ್ತು. ಅಂಟಕ್ಕ ಮಹಡಿಯಿಂದ ಮಹಡಿಗೆ ಹತ್ತಿ, ತಿಂದವರಿಗೆಲ್ಲ "ಅದು ಹಾಗಲ್ಲವಂತೆ" ಎಂದು ಹೇಳಿ ಬಂದಳು. ಮುಖ್ಯಸ್ಥರು ಫೋನಿನ ಕಡೆ ನೋಡಿ ನಿಟ್ಟುಸಿರಿಟ್ಟರು. ಅಕ್ಕ ಮಾತ್ರ ಕೈ ಚೆಲ್ಲಿದಳು. "ಬೀದಿಯವರಿಗೆ ನಾನಂತೂ ಹೇಳಲ್ಲಮ್ಮ. ಅದು ಇದ್ದ ಹಾಗೇ ಇರಲಿ" ಅಂದಳು.

ಆಮೇಲೆ ಅವಳು ಅಚ್ಚನ್ನು ಮಂಜುಗಡ್ಡೆಯ ತಟ್ಟೆಯಲ್ಲಿಟ್ಟು ನೋಡಿದಳು. ದೀಪವನ್ನು ದೂರ ಹಿಡಿದು ನೋಡಿದಳು. ಬಿಸಿಯೇರದಿದ್ದರೆ ಉಂಡೆಗಳು ಕರಗುತ್ತಿರಲಿಲ್ಲ, ಆದರೆ ಅಷ್ಟು ನಿಧಾನಕ್ಕೆ ಮತ್ತೆ ಒಂದಕ್ಕೊಂದು ಸೇರುತ್ತಿದ್ದವು. ಬಿಲ್ಲೆ ಹಾಲಾಗಲಿಲ್ಲ, ಮಜ್ಜಿಗೆ ನೀರಿನಷ್ಟು ಮಸುಕಾಯಿತು. ಅವಸರ ಮಾಡಿದರೆ ಕರಗುತ್ತವೆ, ಸಾವಧಾನ ಮಾಡಿದರೆ ಕೂಡುತ್ತವೆ.

ಚೂರಿಯಮ್ಮ ಒಂದು ಚಿತ್ರವನ್ನು ಅವಳ ಮುಂದೆ ಹಿಡಿದಳು. ಎರಡು ಉಂಡೆಗಳು ಒಂದಾಗುತ್ತ ಆಗುತ್ತ ಅರ್ಧದಲ್ಲೇ ಹೆಪ್ಪುಗಟ್ಟಿ, ನಡು ಸಣ್ಣಗಾದ ಒಂದೇ ಮೈಯಂತೆ ಕಾಣುತ್ತಿದ್ದವು.

"ಪಾಪ, ತಳ್ಳಿಸ್ಕೊಳ್ತಿವೆ" ಅಂದಳು. "ಹಿಡ್ಕೊಳ್ಳೋಕೆ ಅವುಕ್ಕೆ ಏನೂ ಇಲ್ವಲ್ಲ. ಹೊರಗಿರೋ ಅರ್ಧದ ತುದಿಗೆ ಒಂದೊಂದು ಕೈ ಇಟ್ಟಿದ್ರೆ? ರೆಸಿನ್ ಗಟ್ಟಿಯಾಗೋವಾಗ ಅದನ್ನೇ ಹಿಡ್ಕೋತಿದ್ವು."

"ಗೊತ್ತು" ಅಂದಳು ಅಂಟಕ್ಕ.

ಗೊತ್ತಿದ್ದದ್ದು ನಿಜ. ಪಾಲಿಮರಿನ ತುದಿಗೆ ರೆಸಿನ್ನಿನೊಡನೆ ಬೆಸೆದುಕೊಳ್ಳುವ, ಕೈಯಂಥ ಪರಮಾಣುಗಳ ಗುಂಪೊಂದನ್ನು ಸೇರಿಸಬಹುದೆಂದು ಅವಳು ಎಷ್ಟೋ ವರ್ಷದಿಂದ ಬಲ್ಲಳು. ಪ್ರತಿ ಸಲವೂ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಅಂಥ ಪಾಲಿಮರ್ ಮಾಡುವುದು ಪೀಕಲಾಟದ ಕೆಲಸ ಅನ್ನುವುದು ಎಲ್ಲರಿಗೂ ಹೇಳುವ ನೆಪ. ಒಳಗಿನ ಮಾತು ಬೇರೆ. ತಾವಾಗಿ ಕೂಡಿದವು ತಾವಾಗಿಯೇ ಉಳಿಯಬೇಕು, ಕಟ್ಟಿಹಾಕಿ ಉಳಿಸಿದರೆ ಅದರಲ್ಲೇನು ಚೆಂದ? ಇದು ಅವಳ ಹಟ.

ಸಂಜೆ ಪಾತ್ರೆ ತೊಳೆಯುತ್ತ ಇದನ್ನೆಲ್ಲ ಗಂಡನಿಗೆ ಒಪ್ಪಿಸಿದಳು. ಅವನು ತೊಳೆದದ್ದನ್ನು ಒರೆಸುತ್ತ, ಪ್ರತಿ ಬಟ್ಟಲನ್ನೂ ಮೂಸುತ್ತ ಕೇಳಿದ.

"ಅಂದ್ರೆ ನಿಂಗೆ ಸೋಲೋಕೆ ಇಷ್ಟ ಇಲ್ಲ, ಅಷ್ಟೇ ತಾನೇ" ಅಂದ.

"ಯಾರ ಹತ್ರ ಸೋಲೋದು? ಅಲ್ಲಿ ಯಾರಿದ್ದಾರೆ?"

"ಅದೇ, ಆ ಉಂಡೆಗಳ ಹತ್ರ."

ಅವಳಿಗೆ ಉರಿದುಹೋಯಿತು. ಒಂದಿಷ್ಟು ಹೊತ್ತು ಪಾತ್ರೆಗಳೇ ಮಾತಾಡಿದವು. ಆಮೇಲೆ, ಕಣ್ಣಿಗೆ ಕಾಣದ ಉಂಡೆಗಳ ಜೊತೆ ಇಷ್ಟು ವರ್ಷ ಮುನಿಸಿಕೊಂಡಿದ್ದೆನಲ್ಲ ಎಂದು ಅವಳಿಗೇ ನಗು ಬಂತು. ಅವನು ಅವಳ ನಗುವನ್ನು ನಂಬಲೋ ಬೇಡವೋ ಎಂಬಂತೆ ಇನ್ನೊಂದು ಬಟ್ಟಲು ಮೂಸಿದ.

ಮರುದಿನದಿಂದ ಶುರುವಾಯಿತು ಪೀಕಲಾಟ. ಕೈ ಇರುವ ಪಾಲಿಮರಿಗೆ ಗಾಳಿಯ ತೇವ ಆಗದು. ಒಂದು ಸಲ ಬಿರಡೆ ಸಡಿಲವಿದ್ದು ಇಡೀ ಪಾಕ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಸಲ ಕೈಗಳು ರೆಸಿನ್ನಿಗೆ ಕಾಯದೆ ತಮ್ಮತಮ್ಮಲ್ಲೇ ಹಿಡಿದುಕೊಂಡು, ಗಾಜಿನ ಬುರುಡೆಯ ತಳದಲ್ಲಿ ಅಲ್ಲಾಡಿಸಿದರೂ ಅಲ್ಲಾಡದ ಒಂದು ಗಟ್ಟಿ ಹಲ್ವದಂಥದ್ದು ಕೂತುಬಿಟ್ಟಿತು. ಬುರುಡೆ ಒಡೆಯದೆ ಬೇರೆ ದಾರಿ ಇರಲಿಲ್ಲ. ಮತ್ತೊಂದು ಸಲ ಎಲ್ಲ ಸರಿಯಾಗಿ ಬಂದು, ಸೋಸುವಾಗ ಅವಳೇ ಅದನ್ನು ಸಿಂಕಿಗೆ ಸುರಿದು ಸೋಸಿದ ನೀರನ್ನು ಜೋಪಾನವಾಗಿ ಎತ್ತಿಟ್ಟಳು. ಆ ದಿನ ಯಾರೂ ಅವಳನ್ನು ಮಾತಾಡಿಸಲಿಲ್ಲ. ಚಳಿ ಹೋಗಿ ಸೆಕೆ ಬಂತು, ಸೆಕೆ ಹೋಗಿ ಮತ್ತೆ ಚಳಿ ಬಂತು. ಕೊನೆಗೆ ಸೀಸೆಯ ತಳದಲ್ಲಿ ಒಂದು ಹಿಡಿ ಬಿಳಿ ಪುಡಿ ಕೂತಿತು.

ಅದನ್ನು ಕಲಸಿ, ತಣ್ಣನೆಯ ತಟ್ಟೆಯಲ್ಲಿ ಅಚ್ಚು ಇಟ್ಟು, ದೂರದಿಂದ ಮಂದವಾಗಿ ದೀಪ ಹಿಡಿದಳು. ಬಿಲ್ಲೆ ತಿಳಿಯಾಗಿ ಬಂತು. ಅವಳು ಯಾರಿಗೂ ಹೇಳಲಿಲ್ಲ. ಸಿಹಿ ಅಂಗಡಿಯವನು ಎದುರಿಗೆ ಸಿಕ್ಕಿ ನಕ್ಕರೂ ಮುಖ ತಿರುಗಿಸಿಕೊಂಡು ಹೋದಳು. ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ನೆಲಮಾಳಿಗೆಗೆ ಇಳಿದಳು. ಚೂರಿಯಮ್ಮ ಹೆರೆದಳು, ರೆಪ್ಪೆಗೂದಲಿನಿಂದ ನೂಕಿದಳು, ಯಂತ್ರದೊಳಗೆ ಇಟ್ಟಳು. ಅಂಟಕ್ಕ ಪರದೆಗೆ ಬೆನ್ನು ಹಾಕಿ ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಓದುತ್ತ ಕೂತಳು. ಎರಡನೇ ಸಲ ಓದುತ್ತಿದ್ದಾಗ ಹಿಂದಿನಿಂದ ಸದ್ದೇ ಇಲ್ಲದ್ದು ಗಮನಕ್ಕೆ ಬಂತು.

"ಏನಾಯ್ತು?" ಎಂದಳು, ತಿರುಗದೆ.

"ನೀನೇ ನೋಡು."

ಪರದೆಯ ತುಂಬ ಉಂಡೆಗಳು. ದುಂಡಗೆ, ಬೇರೆಬೇರೆಯಾಗಿ, ಮಳೆ ನಿಂತ ಮೇಲೆ ಗಾಜಿನ ಮೇಲೆ ಉಳಿಯುವ ಹನಿಗಳಂತೆ, ಯಾವುದೂ ಯಾವುದಕ್ಕೂ ತಾಗದೆ. ಚೂರಿಯಮ್ಮ ಆ ಕಡೆ ಸರಿಸಿದಳು, ಉಂಡೆಗಳು. ಈ ಕಡೆ ಸರಿಸಿದಳು, ಉಂಡೆಗಳು.

"ಇಷ್ಟು ವರ್ಷ ಅವು ನಿಂಗೆ ಕೈ ಕೊಟ್ಟಿದ್ವು" ಅಂದಳು ಚೂರಿಯಮ್ಮ. "ಈಗ ನೀನೇ ಅವುಕ್ಕೆ ಕೈ ಕೊಟ್ಟೆ."

ಅಂಟಕ್ಕ ನಗಲು ಹೋಗಿ ಅತ್ತಳು. ಚೂರಿಯಮ್ಮ ಅವಳ ಕಣ್ಣನ್ನೇ ನೋಡುತ್ತ, "ಉಜ್ಜಬೇಡ, ರೆಪ್ಪೆ ಉದುರೀತು. ಉದುರಿದ್ರೆ ನಂಗೆ ಕೊಡು" ಅಂದಳು.

ಬಿಲ್ಲೆಗೆ ಪೆಟ್ಟು ಹಾಕುವ ಪರೀಕ್ಷೆಯನ್ನು ಮುಖ್ಯಸ್ಥರ ಎದುರಿನಲ್ಲೇ ನಡೆಸಿದರು. ಸ್ಟ್ಯಾಂಡಿನ ಮೇಲಿಂದ ಉಕ್ಕಿನ ಗುಂಡನ್ನು ಬೀಳಿಸುವುದು, ಅಷ್ಟೇ. ಬರೀ ರೆಸಿನ್ನಿನ ಬಿಲ್ಲೆ ಮೊದಲ ಏಟಿಗೇ ನಾಲ್ಕು ಹೋಳಾಯಿತು. ಅಂಟಕ್ಕನ ಬಿಲ್ಲೆಯ ಮೇಲೆ ಬಿದ್ದ ಗುಂಡು ಪುಟಿದು, ನೆಲಕ್ಕೆ ಹಾರಿ, ಬೀರುವಿನ ಅಡಿಗೆ ಉರುಳಿಹೋಯಿತು. ಆ ಗುಂಡಿಲ್ಲದೆ ಪರೀಕ್ಷೆ ಮುಂದುವರಿಯುವಂತಿರಲಿಲ್ಲ. ಮುಖ್ಯಸ್ಥರು, ಅಂಟಕ್ಕ, ಚೂರಿಯಮ್ಮ ಮೂವರೂ ನೆಲದ ಮೇಲೆ ಬೋರಲಾಗಿ ಮಲಗಿ ಬೀರುವಿನ ಕೆಳಗೆ ಕೈ ತೂರಿಸುತ್ತಿದ್ದಾಗ ನೆಲ ಒರೆಸಲು ಬಂದ ಹೆಂಗಸು ಬಾಗಿಲಲ್ಲೇ ನಿಂತು, "ನಾನು ಆಮೇಲೆ ಬರ್ತೀನಿ" ಎಂದು ಹೋದಳು. ಗುಂಡು ಸಿಕ್ಕಿತು, ಮತ್ತೆ ಮತ್ತೆ ಬೀಳಿಸಿದರು. ಕಡೆಗೆ ಬಿಲ್ಲೆಯಲ್ಲಿ ಒಂದು ಬಿರುಕು ಕಂಡಿತು. ಅಂಚಿನಿಂದ ಹೊರಟು, ತುಸು ದೂರ ಬಂದು, ಆಚೀಚೆ ತಡಕಾಡಿ, ನಿಂತುಬಿಟ್ಟಿತ್ತು. ಅಂಟಕ್ಕ ಆ ಬಿರುಕಿನ ತುದಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು. ಮುಖ್ಯಸ್ಥರು ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ, ಇದನ್ನು ದೊಡ್ಡ ಸಮ್ಮೇಳನದಲ್ಲಿ ನೀವೇ ಓದಬೇಕು ಅಂದರು.

ಓದಿದಳು. ದೊಡ್ಡ ಸಭಾಂಗಣ, ಗದ್ದಲವಿಲ್ಲದ ಜನ. ಬೆಳ್ಳಗಿನ ಬಿಲ್ಲೆಗಳ ಚಿತ್ರ ತೋರಿಸಿದಾಗ ತಮಗೂ ಅದೇ ಗತಿಯಾದವರೆಲ್ಲ ನಕ್ಕರು. ಖಾಲಿ ಪರದೆಯ ಚಿತ್ರ ತೋರಿಸಿ, ಸಿಹಿ ಹಂಚಿದ್ದನ್ನೂ ಹೇಳಿದಳು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ನಿಂತರು.

"ತಣ್ಣಗೆ ಮಾಡಿದ ಬಿಲ್ಲೆ ಇದು. ವರ್ಷಗಟ್ಟಲೆ ಬಿಸಿಲಲ್ಲಿ ಕೂತ್ರೆ ನಿಮ್ಮ ಉಂಡೆಗಳು ಹಾಗೇ ಇರ್ತಾವಾ?"

ಅದನ್ನು ಅಂಟಕ್ಕ ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ" ಅಂದಳು. "ನೋಡಿ ಹೇಳ್ತೀನಿ." ಮುದುಕರು ಸಂತೋಷದಿಂದ ಕೂತರು.

ಗಂಡ ಅವಳನ್ನು ಕರೆದೊಯ್ಯಲು ಬಂದಿದ್ದ, ಪಾಠದ ಕಾರಿನಲ್ಲೇ. ಪಾಠ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಚಾಲಕರ ಜಾಗದಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಸ್ಟಿಯರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು. ಅಂಟಕ್ಕ ಹಿಂದೆ ಹತ್ತಿದಳು. ನಡೆದು ಹೋಗುವವರಿಗೂ ದಾರಿ ಬಿಡುತ್ತ ಕಾರು ಹೊರಟಿತು.

"ಹೇಗಾಯ್ತು?" ಎಂದ ಗಂಡ, ರಸ್ತೆಯಿಂದ ಕಣ್ಣು ತೆಗೆಯದೆ.

"ಚೆನ್ನಾಗಾಯ್ತು. ರೀ, ಒಂದ್ನಿಮಿಷ ಲ್ಯಾಬ್ ಕಡೆ ಹೋಗೋಣ್ವಾ? ಒಂದು ಬಿಲ್ಲೇನ ಒಲೇಲಿಟ್ಟು ಬಂದ್ಬಿಡ್ತೀನಿ. ಮುಂದಿನ ತಿರುವಲ್ಲಿ ಬಲಕ್ಕೆ."

ಅಜ್ಜಿ ಕನ್ನಡಿಯಲ್ಲಿ ಅವಳನ್ನು ನೋಡಿದರು. "ಬಲಕ್ಕೆ ತಿರುಗಿಸೋದು ನನಗಿನ್ನೂ ಹೇಳ್ಕೊಟ್ಟಿಲ್ಲಮ್ಮ" ಅಂದರು.

"ಇರಲಿ, ಇರಲಿ" ಅಂದ ಗಂಡ. "ಎಡಕ್ಕೇ ಮೂರು ಸಲ ತಿರುಗಿಸಿ."

ಅಜ್ಜಿ ಮೊದಲನೆಯ ಎಡಕ್ಕೆ ತಿರುಗಿಸಿದರು. ಅಂಟಕ್ಕ ಹಿಂದೆ ಒರಗಿ, ವರ್ಷಗಟ್ಟಲೆಯ ಬಿಸಿಲಿಗೆ ಸಮನಾಗಲು ಒಲೆಯ ಶಾಖ ಎಷ್ಟಕ್ಕೆ ಇಡುವುದೆಂದು ಲೆಕ್ಕ ಹಾಕತೊಡಗಿದಳು.